ಸುತ್ತೋಲೆ

ಸಭಾಭವನದಲ್ಲಿ ಮತಯಂತ್ರದ ತರಬೇತಿ.
ಹಾಗಾಗಿ ನಮಗೆ ಸಿಕ್ಕಿದ್ದು
ಸದಾಶಿವಗಡದ ಈ ನಲಿ-ಕಲಿ ಕೋಣೆ.
ಮೊಣಕಾಲೆತ್ತರದ ದುಂಡು ಮೇಜು,
ಅಂಗೈಯಗಲದ ಕುರ್ಚಿ.
ಆರು ಜನ ಮಾಸ್ತರು-ಅಕ್ಕೋರು
ಮಂಡಿ ಗಲ್ಲಕ್ಕೆ ತಾಗಿಸಿ ಕೂತೆವು,
ಹೊಟ್ಟೆ ಅಡಗಿಸಲು ಜಾಗವಿಲ್ಲದೆ.

ನನ್ನ ಬಿಟ್ಟು ಎಲ್ಲರೂ ಒಂಟಿ ಶಾಲೆಯವರು.
ಬೀಗವೂ ಅವರೇ, ಗಂಟೆಯೂ ಅವರೇ,
ಒಂದರಿಂದ ಐದರವರೆಗೆ ಪಾಠವೂ,
ಮೊಟ್ಟೆಯ ಲೆಕ್ಕವೂ.
ತಪ್ಪಿದೆನೇ ಎಂದು ಕೇಳಲು
ಪಕ್ಕದ ಕೋಣೆಯೇ ಇಲ್ಲದವರು.

ಇಲಾಖೆಯ ಕಾಗದ ಹೇಳುತ್ತದೆ:
'ಗುಂಪು ಚರ್ಚೆ, ನಲವತ್ತು ನಿಮಿಷ.
ಸುಗಮಕಾರರು ಮಾರ್ಗದರ್ಶನ ನೀಡತಕ್ಕದ್ದು.'
ಸುತ್ತೋಲೆಯಲ್ಲಿ ಓಲೆ ಇದೆ,
ಸುತ್ತು ನಾವೇ ತರಬೇಕು.

ಹೋದ ತಿಂಗಳು ನಲವತ್ತರಲ್ಲಿ ಮೂವತ್ತೈದು
ನಾನೇ ಮಾತಾಡಿದ್ದೆ.
'ಚೆನ್ನಾಗಿತ್ತು ಅಕ್ಕೋರೆ' ಅಂದರು ಎಲ್ಲರೂ,
ಊಟಕ್ಕೆ ಏಳುವ ಅವಸರದಲ್ಲಿ.
ಅದಕ್ಕೇ ಈ ಸಲ ಬಾಯಲ್ಲೊಂದು ಲವಂಗ.
ಅದರ ಖಾರ ಇಳಿಯುವವರೆಗೆ ಉತ್ತರ ಹೇಳುವಂತಿಲ್ಲ,
ನನಗೆ ನಾನೇ ಹೊರಡಿಸಿದ ಆದೇಶ.

ಕೇಳಿದ್ದು ಒಂದೇ:
ಈ ವಾರ ಯಾವ ಮಗುವಿನ ಮುಂದೆ ಸೋತಿರಿ?

ಹೆದ್ದಾರಿಯ ಲಾರಿಯೊಂದು ಗೋವೆ ಕಡೆಗೆ ಗೇರು ಬದಲಿಸಿತು.
ಒಂದು ನಿಮಿಷ ಇಷ್ಟು ಉದ್ದವೆಂದು
ಶ್ರದ್ಧಾಂಜಲಿ ಸಭೆಯಲ್ಲೂ ಗೊತ್ತಾಗಿರಲಿಲ್ಲ.

ಇಂಡಿಯಿಂದ ಬಂದ ಬಿರಾದಾರ ಮಾಸ್ತರು ಕೆಮ್ಮಿದರು:
'ನಾ ಸೋತೀನ್ರಿ. ನೀರು ಅಂದ್ರ ಹುಡುಗ್ರು ಉದಾಕ ಅಂತಾವ.
ನಮ್ಮೂರಾಗ ಅದು ಪೂಜಾರಿ ಬಾಯಾಗಿನ ಮಾತ್ರಿ.
ನಾಕು ತಿಂಗಳು ತಿದ್ದಿದೆ.
ಈಗ ನೀರಡಿಕಿ ಆದ್ರ
ನನಗ ಉದಾಕ ಅಂತ ಬಾಯಿಗೆ ಬರ್ತೈತಿ.'
ನಕ್ಕೆವು. ಸಣ್ಣ ಕುರ್ಚಿಗಳು ಕಿರುಗುಟ್ಟಿದವು.

ಆಮೇಲೆ ಫೆಲ್ಸಿಯಾನಾ,
ಅಕ್ಷರ ಬಾರದೆ ಬರೀ ಚಿತ್ರ ನೋಡಿ
ಪಾಠವೆಲ್ಲ ಒಪ್ಪಿಸುವ ಒಬ್ಬ ಜಾಣನ ಕತೆ.

ಉಳಗಾದ ರುಕ್ಮಾ ತಾಂಡೇಲ
ಎರಡು ವರ್ಷದಿಂದ ಬರುತ್ತಾರೆ,
ಸಹಿ ಮಾಡುತ್ತಾರೆ, ಹೋಗುತ್ತಾರೆ.
ಅವರ ಸಹಿ ನನಗೆ ಗೊತ್ತು, ದನಿ ಗೊತ್ತಿಲ್ಲ.
'ನೀವೂ ಹೇಳಿ' ಎನ್ನಲು ಹೊರಟೆ,
ಲವಂಗ ಹಲ್ಲಿಗೆ ಸಿಕ್ಕಿತು.
ಅವರು ಮೇಜಿನ ಗೀರೊಂದನ್ನು ಉಗುರಲ್ಲಿ ಕೆದಕುತ್ತ
ಮೇಜಿಗೇ ಹೇಳಿದರು:

'ನಾಲ್ಕನೇ ಇಯತ್ತೆಯ ಒಬ್ಬಳು
ನೂರು ಎಣಿಸು ಅಂದರೆ ನೂರಾನಾಲ್ಕು ಎಣಿಸುತ್ತಾಳೆ.
ಮೂರು ಸಲ ಕೆಂಪು ಗೀರು ಹಾಕಿದೆ.
ನಾಲ್ಕನೇ ಸಲ ಅವಳೇ ಕೇಳಿದಳು:
ಅಕ್ಕೋರೆ, ನಮ್ಮಾಯಿ ನೂರು ಬಂಗಡೆ ಎಣಿಸಿ
ನಾಲ್ಕು ಮೇಲೆ ಹಾಕ್ತಾಳೆ. ಹಾಕದಿದ್ದರೆ
ನೂರು ಆಗೋದು ಹೇಗೆ?'

ಯಾರೂ ನಗಲಿಲ್ಲ.
ಲವಂಗದ ಖಾರ ಇಳಿದಿತ್ತು. ನನ್ನಲ್ಲಿ ಉತ್ತರವಿತ್ತು,
ಸ್ಥಾನಬೆಲೆ, ಕಡ್ಡಿಕಟ್ಟು, ಕೈಪಿಡಿಯ ಪುಟಸಂಖ್ಯೆ ಸಹಿತ.
ಎದ್ದು ಚಹಾ ತರಲು ಹೋದೆ.

ಕೆಟಲ್ ಹಿಡಿದು ಬಂದಾಗ
ದೇಮು ಗೌಡರು ಮಕ್ಕಳ ಡಬ್ಬಿಯ ಹುಣಸೆ ಬೀಜ
ನೆಲಕ್ಕೆ ಸುರುವಿದ್ದರು.
'ಆ ನಾಲ್ಕು ಲೆಕ್ಕ ಅಲ್ಲ, ಮರ್ಯಾದೆ' ಎಂದು ಫೆಲ್ಸಿಯಾನಾ,
'ಮರ್ಯಾದೆಗೆ ಪರೀಕ್ಷೆಯಲ್ಲಿ ಅಂಕ ಎಲ್ಲುಂಟು?' ಎಂದು ಸಾಬಿರಾ.
ರುಕ್ಮಾ ಇಬ್ಬರನ್ನೂ ತಡೆದು
ಆ ತಾಯಿ ಎಣಿಸುವ ಹಾಗೆಯೇ, ಕೊಂಕಣಿಯಲ್ಲಿ,
ಬೀಜಗಳನ್ನು ಎಸೆದೆಸೆದು ಎಣಿಸುತ್ತಿದ್ದರು.
ನನ್ನ ಕುರ್ಚಿ ಇದ್ದ ಜಾಗ ಮುಚ್ಚಿಹೋಗಿತ್ತು.
ಮೊದಲು ಸ್ವಲ್ಪ ಚುಚ್ಚಿತು, ಸುಳ್ಳೇಕೆ.
ಆಮೇಲೆ ಭುಜಗಳ ನಡುವೆ ಕೈ ತೂರಿಸಿ
ಒಂದೊಂದೇ ಲೋಟ ಇಟ್ಟೆ.

ರಾತ್ರಿ ನಡಾವಳಿ ಬರೆದೆ.
ಹಾಜರು: ಆರು.
ತೆಗೆದುಕೊಂಡ ನಿರ್ಣಯ: ಇಲ್ಲ.
ಸುಗಮಕಾರರ ಮಾರ್ಗದರ್ಶನ: ಚಹಾ ತಂದದ್ದು.
ಹೊಡೆದುಹಾಕಿ 'ನೀಡಲಾಯಿತು' ಎಂದು ತಿದ್ದುವಷ್ಟರಲ್ಲಿ
ಬಿರಾದಾರರ ಫೋನು:
'ಅಕ್ಕಾರ, ರುಕ್ಮಾ ಅಕ್ಕಾರ ನಂಬರ್ ಕೊಡ್ರಿ.
ನೂರಕ್ಕ ನಾಕು ಆದ್ರ
ಐವತ್ತು ಒಯ್ಯಾವ್ರಿಗೆ ಎಷ್ಟ್ ಹಾಕ್ತಾರ?'

ನನಗೂ ಗೊತ್ತಿಲ್ಲ.
ನಂಬರ್ ಕೊಟ್ಟೆ.